ಗಾಜಿನ ಮೇಲಿನ ಬೊಟ್ಟು

ಕಡೂರಿನ ನಮ್ಮ ಅಂಗಡಿಗೆ ಹೊಸದಾಗಿ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. ಜನರ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುವ ಕೆಲಸದ ಬಗ್ಗೆ ಏನಾದರೂ ಬರೆದುಕೊಡಿ ಅಂದರು. ಅವರ ಮನಸ್ಸಿನಲ್ಲಿದ್ದದ್ದು ಕಮಾಂಡುಗಳ ಪಟ್ಟಿ. ಅದು ನನ್ನಿಂದ ಆಗದು. ಕಮಾಂಡುಗಳು ಎಲ್ಲ ಕಡೆ ಸಿಗುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಾನು ಬರೆಯಬಹುದಾದದ್ದು ಮೆಷಿನ್ ಮುಂದೆ ಕೂರುವ ಜನರ ಬಗ್ಗೆ, ಮತ್ತು ಅವರ ವಿಷಯದಲ್ಲಿ ನಾನು ಮಾಡಿದ ಎಡವಟ್ಟುಗಳ ಬಗ್ಗೆ. ಸರಿಯಾಗಿ ಮಾಡಿದ ಕೆಲಸಗಳೂ ಬೇಕಾದಷ್ಟಿವೆ, ಆದರೆ ಅವನ್ನು ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದು ಟೈಪಿಂಗ್ ಕಲಿಸುವವಳಾಗಿ. ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ರುದ್ರಪ್ಪ ಮೇಷ್ಟ್ರ ಟೈಪಿಂಗ್ ಶಾಲೆ ಇತ್ತು. ಅಲ್ಲಿಯೇ ಕಲಿತೆ, ಅಲ್ಲಿಯೇ ಕಲಿಸಲು ನಿಂತೆ. ಕಾಲ ಬದಲಾಗಿ ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರುಗಳು ಬಂದವು, ಶಾಲೆ ಹೋಗಿ ರಿಪೇರಿ ಅಂಗಡಿ ಆಯಿತು. ಮೇಷ್ಟ್ರು ಮಾತ್ರ ಅದೇ ಕುರ್ಚಿಯಲ್ಲಿ, ಅದೇ ಬಿಳಿ ಪಂಚೆಯಲ್ಲಿ ಕೂತಿದ್ದರು. ಹೊಗಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನಾನು ಅವರ ಕೈಕೆಳಗೆ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ಅವರಿಂದ ಬಂದ ದೊಡ್ಡ ಮೆಚ್ಚುಗೆ ಎಂದರೆ “ಹೂಂ”.

ಅವರದು ಒಂದೇ ಪಾಠ: “ಮುಟ್ಟೋಕೆ ಮುಂಚೆ ಕೂತ್ಕೊ.” ಟೈಪ್‌ರೈಟರ್ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಅವರು ಸ್ಕ್ರೂಡ್ರೈವರ್ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಟೈಪಿಸ್ಟರ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಒಂದು ಗಂಟೆ ಸುಮ್ಮನೆ ನೋಡುತ್ತಿದ್ದರು. ಯಾವ ಬೆರಳು ಜೋರಾಗಿ ಬೀಳುತ್ತದೆ, ಕಾಗದ ಹಾಕುವಾಗ ಕೈ ಎಲ್ಲಿಗೆ ಹೋಗುತ್ತದೆ, ಎಲ್ಲ. ಆಮೇಲೆ ಹತ್ತು ನಿಮಿಷದಲ್ಲಿ ರಿಪೇರಿ ಮುಗಿಸುತ್ತಿದ್ದರು. ಆ ಒಂದು ಗಂಟೆ ದಂಡ ಎಂದು ನನಗೆ ಆಗ ಅನ್ನಿಸುತ್ತಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದೆ. “ಹೂಂ” ಅಂದಿದ್ದರು, ಅದು ಮೆಚ್ಚುಗೆಯ ಹೂಂ ಅಲ್ಲ.

ಲಿನಕ್ಸ್ ನಮ್ಮ ಅಂಗಡಿಗೆ ಬಂದದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ. ನಮ್ಮ ಕಡೆ ಆಗ ಹೆಚ್ಚುಕಮ್ಮಿ ಎಲ್ಲ ಮೆಷಿನ್ನುಗಳಲ್ಲೂ ಇದ್ದದ್ದು ವಿಂಡೋಸಿನ ಕದ್ದ ಪ್ರತಿಗಳು. ಹಾಕಿಕೊಡುತ್ತಿದ್ದವರೂ ನಮ್ಮಂಥವರೇ, ಆ ಪಾಪದಲ್ಲಿ ನನ್ನ ಪಾಲೂ ಇದೆ. ಒಬ್ಬರ ಪೆನ್‌ಡ್ರೈವಿನಿಂದ ಇನ್ನೊಬ್ಬರಿಗೆ ವೈರಸ್ಸು ಹರಡುವುದು, ಅದೇ ಮೆಷಿನ್ ತಿಂಗಳಿಗೆರಡು ಸಲ ಅಂಗಡಿಗೆ ಬರುವುದು. ಮಾಡಿದ್ದನ್ನೇ ಮಾಡಿ ಮಾಡಿ ನನಗೆ ರೋಸಿಹೋಯಿತು. ಸ್ವತಂತ್ರ ತಂತ್ರಾಂಶ ಎಂದು ಪತ್ರಿಕೆಯೊಂದರ ಜೊತೆ ಬಂದ ಸೀಡಿಯನ್ನು ನನ್ನ ಮೆಷಿನ್ನಿಗೆ ಹಾಕಿಕೊಂಡೆ. ಆರು ತಿಂಗಳು ಒಂದು ವೈರಸ್ಸೂ ಇಲ್ಲ, ನಿಧಾನವಾಗಿದ್ದ ಹಳೇ ಮೆಷಿನ್ ಚುರುಕಾಯಿತು. ಮೇಷ್ಟ್ರಿಗೆ ತೋರಿಸಿದೆ. “ಕದ್ದಿದ್ದಲ್ವಾ?” ಅಂತ ಕೇಳಿದರು. ಅಲ್ಲ ಅಂದೆ. “ಹಂಗಾದ್ರೆ ಇದನ್ನೇ ಹಾಕು” ಅಂದರು.

ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ. ಒಂದು ಕ್ಯಾನ್ವಾಸ್ ಚೀಲ, ಅದರಲ್ಲಿ ಸೀಡಿಗಳು, ಆಮೇಲೆ ಸೀಡಿ ಹೋಗಿ ಪೆನ್‌ಡ್ರೈವುಗಳು, ಒಂದು ಸ್ಕ್ರೂಡ್ರೈವರ್, ಗಾಜು ಒರೆಸಲು ಸ್ಪಿರಿಟ್ಟು ಮತ್ತು ಹಳೇ ಪಂಚೆಯ ಬಟ್ಟೆ. ಮೆಷಿನ್ ಒಪ್ಪಿಸುವಾಗ ಮಾನಿಟರು ಕನ್ನಡಿಯಂತೆ ಹೊಳೆಯಬೇಕು, ಅದು ನನ್ನ ಹಠ. ನನ್ನ ಯಜಮಾನರು ತೀರಿಕೊಂಡಾಗ ನನಗೆ ಮೂವತ್ತನಾಲ್ಕು. ಅಂದಿನಿಂದ ಹಣೆಯಲ್ಲಿ ವಿಭೂತಿ ಮಾತ್ರ. ಬೊಟ್ಟು ಇಡಬೇಡ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಇಡು ಎಂದೂ ಯಾರೂ ಹೇಳಲಿಲ್ಲ. ಬಿಟ್ಟೇಹೋಯಿತು. ಅಜ್ಜಂಪುರದ ಬಸ್ಸಿನಲ್ಲಿ ಕಂಡಕ್ಟರುಗಳು “ವಿಭೂತಿ ಮೇಡಂ ಬಂದ್ರು, ಇವತ್ತು ಯಾರ್ ಮೆಷಿನ್ ಮೇಡಂ?” ಎಂದು ಕೇಳುತ್ತಿದ್ದರು.

ಅಜ್ಜಂಪುರದ ಮರುಳಪ್ಪನವರ ಎಣ್ಣೆ ಮಿಲ್ಲಿನಲ್ಲಿ ಆದದ್ದು ನನ್ನ ಮೊದಲ ಎಡವಟ್ಟು. ಹೊಸ ಹುರುಪು ನೋಡಿ, ಅವರನ್ನು ಕೂರಿಸಿಕೊಂಡು ಸ್ವತಂತ್ರ ತಂತ್ರಾಂಶ ಅಂದರೆ ಏನು, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಮಠದ ಪ್ರವಚನ ಕೇಳುವ ಹಾಗೆ ಕೈಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ:

“ಎಲ್ಲಾ ಸರಿ ಕಣಮ್ಮ. ನಮ್ಮ ಪ್ರಿಂಟರ್ ಓಡುತ್ತಾ?”

ಓಡಲಿಲ್ಲ. ಆ ಪ್ರಿಂಟರಿಗೆ ಬೇಕಾದ ಡ್ರೈವರ್ ಲಿನಕ್ಸಿಗೆ ಆಗ ಇರಲೇ ಇಲ್ಲ. ಮೂರು ದಿನ ಮಿಲ್ಲಿನವರು ಕೈಯಲ್ಲಿ ಬಿಲ್ಲು ಬರೆದರು, ನಾಲ್ಕನೆಯ ದಿನ ನಾನೇ ಹೋಗಿ ಹಳೆಯದನ್ನು ಮತ್ತೆ ಹಾಕಿಕೊಟ್ಟು ಬಂದೆ. ಮರುಳಪ್ಪನವರು ಬೇಜಾರು ಮಾಡಿಕೊಳ್ಳಲಿಲ್ಲ, ಊಟ ಮಾಡಿಸಿ ಕಳಿಸಿದರು. ಆಮೇಲಿನ ವರ್ಷಗಳಲ್ಲಿ ಎಲ್ಲಿಗೆ ಹೋದರೂ ಮೊದಲು ಪ್ರಿಂಟರಿನ ಹೆಸರು ಬರೆದುಕೊಂಡು ಬರುವುದು ರೂಢಿಯಾಯಿತು.

ಇದಕ್ಕೆ ತದ್ವಿರುದ್ಧವಾದದ್ದು ಹಿರೇನಲ್ಲೂರಿನ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರದು. ಅವರಿಗೆ ಬೇಕಾಗಿದ್ದದ್ದು ಇಂಟರ್ನೆಟ್ಟು, ಇಸ್ಪೀಟು ಮತ್ತು ಮೊಮ್ಮಕ್ಕಳ ಫೋಟೋ. ಉಪನ್ಯಾಸ ಕೊಡುವ ಗೋಜಿಗೆ ಹೋಗದೆ ಲಿನಕ್ಸ್ ಹಾಕಿ, ಒತ್ತುವ ಪುಟ್ಟ ಚಿತ್ರಗಳನ್ನೆಲ್ಲ ಪರದೆಯ ಮೇಲೆ ಹಳೆಯ ಜಾಗದಲ್ಲೇ ಜೋಡಿಸಿ ಬಂದೆ. ನಾಲ್ಕು ವರ್ಷವಾದ ಮೇಲೆ ಸಂತೆಯಲ್ಲಿ ಸಿಕ್ಕರು. “ಲಿನಕ್ಸ್ ಹೆಂಗಿದೆ ಸಾರ್?” ಅಂದೆ.

“ಲಿನಕ್ಸಾ? ಅದೆಲ್ಲಾ ನಂಗ್ ಬ್ಯಾಡ ಕಣಮ್ಮ. ನೀನು ಹಾಕ್ಕೊಟ್ಟ ವಿಂಡೋಸೇ ಚೆನ್ನಾಗಿ ಓಡ್ತಾ ಇದೆ” ಅಂದರು.

ನಾನು ತಿದ್ದಲಿಲ್ಲ. ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕಿದ್ದನ್ನು ಕಂಡೆ. ಈ ಯಶಸ್ಸೇ ನನ್ನ ತಲೆಗೆ ಏರಿತು ಅನ್ನಿಸುತ್ತದೆ. ಜನರಿಗೆ ಗೊತ್ತಾಗದ ಹಾಗೆ ಬದಲಾಯಿಸಿಬಿಟ್ಟರೆ ಆಯಿತು, ಅವರ ಪಕ್ಕ ಕೂತು ನೋಡುವ ಅಗತ್ಯವೇನೂ ಇಲ್ಲ ಎಂದುಕೊಂಡೆ. ತರೀಕೆರೆಯ ಕೆಲಸ ಬಂದದ್ದು ಅದರ ಬೆನ್ನಿಗೇ.

ತರೀಕೆರೆಯ ನೋಂದಣಿ ಕಚೇರಿಯ ಎದುರು ಸಾಲಿನಲ್ಲಿ ಚಂದ್ರಶೇಖರಯ್ಯನವರದು ಒಂದು ಪುಟ್ಟ ಕೋಣೆ. ಅವರು ಪತ್ರ ಬರಹಗಾರರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಏನೇ ಬರೆಸಬೇಕಾದರೂ ಸುತ್ತಲ ಹಳ್ಳಿಗಳ ಜನ ಅವರ ಹತ್ತಿರ ಬರುತ್ತಿದ್ದರು. ಅವರ ಕೈಬರಹ ಮುತ್ತು ಪೋಣಿಸಿದ ಹಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಬಲಗೈ ನಡುಗಲು ಶುರುವಾಗಿ ಐದಾರು ವರ್ಷವಾಗಿತ್ತು, ಒಂದು ರುಜು ಹಾಕುವುದೇ ಕಷ್ಟ. ಆಗ ಟೈಪ್ ಮಾಡಲು ಕೂತವರು ಅವರ ಹೆಂಡತಿ ಗೌರಮ್ಮ. ಓದಿದ್ದು ಏಳನೇ ಕ್ಲಾಸು. ಒಂದು ತಿಂಗಳು ಬೇರೆಯವರ ಅಂಗಡಿಯಲ್ಲಿ ನಿಂತು ನೋಡಿ ನೋಡಿ ಕಲಿತು, ಅಡಿಗೆಮನೆಯಿಂದ ನೇರ ಕಂಪ್ಯೂಟರ್ ಮುಂದೆ ಬಂದು ಕೂತವರು. ಗಂಡ ಹೇಳುವುದು, ಹೆಂಡತಿ ಹೊಡೆಯುವುದು. ಆ ಕೋಣೆಯ ಬಾಗಿಲು ತೆರೆದಿದ್ದದ್ದು ಅವರ ಬೆರಳುಗಳ ಮೇಲೆ.

ಮೆಷಿನ್ ತುಂಬ ಹಳೆಯದು, ವೈರಸ್ಸು ಹಿಡಿದು ಏದುಸಿರು ಬಿಡುತ್ತಿತ್ತು. ಹೊಸದು ತರುವ ಯೋಚನೆ ಅವರಿಗಿರಲಿಲ್ಲ. ಲಿನಕ್ಸ್ ಹಾಕಿದರೆ ಇದೇ ಇನ್ನೂ ಐದು ವರ್ಷ ಬರುತ್ತದೆ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಗೌರಮ್ಮ ಫೋನ್ ತೆಗೆದುಕೊಂಡು ಒಂದೇ ಮಾತು ಕೇಳಿದ್ದರು: “ನಂಗೆ ಕೈ ತಪ್ಪಲ್ಲ ತಾನೆ ಮೇಡಂ?”

“ನಿಮ್ಮ ಕೈಕೆಲಸ ಏನೇನೂ ಬದಲಾಗಲ್ಲ ಕಣ್ರೀ, ನಾನಿದ್ದೀನಿ” ಅಂದಿದ್ದೆ.

ಹೋದ ದಿನ ಗೌರಮ್ಮ ಇರಲಿಲ್ಲ, ದೇವನೂರಿನಲ್ಲಿ ಸಂಬಂಧಿಕರ ಮದುವೆ. ಚಂದ್ರಶೇಖರಯ್ಯನವರು ಒಬ್ಬರೇ ಇದ್ದರು. ಇನ್ನೊಂದು ದಿನ ಬರಬೇಕಿತ್ತು. ಬಸ್ಸಿನಲ್ಲಿ ಅಷ್ಟು ದೂರ ಬಂದಿದ್ದೇನಲ್ಲ ಎಂದು ಹತ್ತು ನಿಮಿಷ ಅವರೊಂದಿಗೆ ಮಾತಾಡಿ ಕೆಲಸಕ್ಕೆ ಇಳಿದೆ. ಹಳೆಯ ಫೈಲುಗಳನ್ನೆಲ್ಲ ತೆಗೆದಿಟ್ಟೆ. ಅವು ಹಳೇ ಕಾಲದ ಕನ್ನಡ ಫಾಂಟಿನಲ್ಲಿದ್ದವು. ಹೊಸ ವ್ಯವಸ್ಥೆಯಲ್ಲಿ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಅಷ್ಟನ್ನೂ ಯುನಿಕೋಡಿಗೆ, ಅಂದರೆ ಯಾವ ಮೆಷಿನ್ನಿನಲ್ಲೂ ಓದಲು ಬರುವ ರೂಪಕ್ಕೆ, ತಿರುಗಿಸಿದೆ. ಕೀಲಿಮಣೆಯಲ್ಲಿ ಗೌರಮ್ಮನವರಿಗೆ ಅಭ್ಯಾಸವಿದ್ದ ಅದೇ ವಿನ್ಯಾಸ ಕೂರಿಸಿದೆ. ಪ್ರಿಂಟರ್ ಓಡಿಸಿ ನೋಡಿದೆ. ಎಲ್ಲ ಮುಗಿದ ಮೇಲೆ, ಚಂದ್ರಶೇಖರಯ್ಯನವರು ಕಾಫಿಗೆಂದು ಹೊರಗೆ ಹೋಗಿದ್ದಾಗ, ಕೊನೆಯದಾಗಿ ಸ್ಪಿರಿಟ್ಟು, ಬಟ್ಟೆ ತೆಗೆದೆ.

ಮಾನಿಟರಿನ ಗಾಜಿನ ಮೇಲೆ ಎಡಗಡೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು, ಕೆಳಗೆ ಒಂದು ಹಸಿರು ಬೊಟ್ಟು ಅಂಟಿಕೊಂಡಿದ್ದವು. ಯಾವುದೋ ಮಗುವಿನ ಆಟ ಇರಬೇಕು ಎಂದುಕೊಂಡು ಉಗುರಿನಿಂದ ಕಿತ್ತು, ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದೆ. ಅಂಟು ಉಳಿದ ಜಾಗವನ್ನು ಎರಡು ಸಲ ಉಜ್ಜಿದೆ. ಗಾಜು ಫಳಫಳ ಹೊಳೆಯಿತು. ನನಗೆ ಬಹಳ ಖುಷಿಯಾಯಿತು.

ಮೂರು ವಾರ ಅಲ್ಲಿಂದ ಫೋನ್ ಬರಲಿಲ್ಲ. ಫೋನ್ ಬರದಿದ್ದರೆ ಎಲ್ಲ ಸರಿಯಿದೆ ಎಂಬುದು ನಮ್ಮ ಕಡೆಯ ಲೆಕ್ಕ. ಲಕ್ಕವಳ್ಳಿಯಲ್ಲಿ ಒಂದು ಕೆಲಸ ಮುಗಿಸಿ ವಾಪಸ್ಸು ಬರುವಾಗ, ಹೊಗಳಿಸಿಕೊಳ್ಳುವ ಆಸೆಯಿಂದಲೇ ಅನ್ನಿ, ತರೀಕೆರೆಯಲ್ಲಿ ಇಳಿದೆ.

ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಒಂದು ಟವೆಲು ಹೊದಿಸಿತ್ತು. ಗೌರಮ್ಮ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ಹಳೇ ಪತ್ರಗಳನ್ನು ದಾರದಲ್ಲಿ ಕಟ್ಟುತ್ತಿದ್ದರು. ಚಂದ್ರಶೇಖರಯ್ಯನವರು ಇರಲಿಲ್ಲ.

“ಯಜಮಾನ್ರು ಎಲ್ಲಿ?” ಅಂದೆ.

“ಹಿಂದಿನ ಬೀದೀಲಿ ಟೈಪ್ ಮಾಡ್ಸೋಕೆ ಹೋಗವ್ರೆ” ಅಂದರು. ತಲೆ ಎತ್ತಲಿಲ್ಲ.

ನಾನು ಮೆಷಿನ್ ಕಡೆ ನೋಡಿದೆ. ಅವರು ದಾರ ಬಿಗಿದು ಗಂಟು ಹಾಕಿ, ಆಮೇಲೆ ಹೇಳಿದರು. ಛಾಪಾ ಕಾಗದದ ಮೇಲ್ಭಾಗದಲ್ಲಿ ಸರ್ಕಾರದ ಮುದ್ರೆ, ವಿವರಗಳು ಮೊದಲೇ ಅಚ್ಚಾಗಿರುತ್ತವೆ. ನಮ್ಮ ಬರವಣಿಗೆ ಅದರ ಕೆಳಗಿನ ಗೆರೆಯಿಂದ ಶುರುವಾಗಬೇಕು, ಮುದ್ರೆಯ ಮೇಲೆ ಒಂದು ಅಕ್ಷರವೂ ಬೀಳಬಾರದು. ಆ ಅಳತೆಗೆ ಗೌರಮ್ಮ ಮಾಡಿಕೊಂಡಿದ್ದ ಉಪಾಯವೇ ಬೊಟ್ಟು. ಖಾಲಿ ಪುಟ ತೆಗೆದು, ಮಿಣುಕುವ ಕರ್ಸರು ಕೆಂಪು ಬೊಟ್ಟಿನ ಮಟ್ಟಕ್ಕೆ ಇಳಿಯುವವರೆಗೆ ಎಂಟರ್ ಒತ್ತುವುದು, ಅಲ್ಲಿಂದ ಬರೆಯುವುದು. ಹಸಿರು ಬೊಟ್ಟಿನ ಹತ್ತಿರ ನಿಲ್ಲಿಸುವುದು, ಅದರ ಕೆಳಗಿನ ಜಾಗ ಪಾರ್ಟಿಯವರ ರುಜುವಿಗೆ. ಐದು ವರ್ಷದಲ್ಲಿ ಒಂದು ಕಾಗದವೂ ಕೆಟ್ಟಿರಲಿಲ್ಲ.

“ಮದುವೆಯಿಂದ ಬಂದು ನೋಡ್ತೀನಿ, ಬೊಟ್ಟಿಲ್ಲ. ಪುಟಾನೂ ಬೇರೆ ಸೈಜಾಗಿ ಕಾಣ್ತಿತ್ತು. ಅವತ್ತೇ ಲಕ್ಕವಳ್ಳಿಯಿಂದ ಒಬ್ರು ಅಜ್ಜಿ ಬಂದಿದ್ರು. ಮಗಳಿಗೆ ಮನೆ ದಾನಪತ್ರ ಮಾಡ್ಕೊಡೋಕೆ. ಕಾಲು ಬಾತಿತ್ತು ಅವರಿಗೆ, ರಾಹುಕಾಲಕ್ಕೆ ಮುಂಚೆ ಆಗ್ಬೇಕು ಅಂತ ಒಂದೇ ಸಮ ಅವಸರ. ಅಂದಾಜಿನ್ ಮೇಲೆ ಹೊಡ್ದೆ. ಮುದ್ರೆ ಮೇಲೇ ಬಂದ್ಬಿಡ್ತು ನಾಲ್ಕು ಸಾಲು.”

ಕಚೇರಿಯವರು ಆ ಕಾಗದ ತೆಗೆದುಕೊಳ್ಳುವಂತಿರಲಿಲ್ಲ, ತೆಗೆದುಕೊಳ್ಳಲಿಲ್ಲ. ಹೊಸ ಛಾಪಾ ಕಾಗದ ಅವತ್ತು ಸಿಗಲಿಲ್ಲ. ಅಜ್ಜಿ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ಸು ಬಸ್ಸು ಹತ್ತಿದರು. ಅಜ್ಜಿಯ ಜೊತೆ ಬಂದಿದ್ದ ಗಂಡಸೊಬ್ಬ ಬಾಗಿಲಲ್ಲಿ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, “ಹೆಂಗಸ್ರ ಕೈಗೆ ಮೆಷಿನ್ ಕೊಟ್ರೆ ಇದೇ ಆಗೋದು” ಅಂದನಂತೆ. ಗೌರಮ್ಮ ಕುರ್ಚಿಯಿಂದ ಎದ್ದರು. ಮತ್ತೆ ಕೂತಿರಲಿಲ್ಲ.

ಈಗ ಚಂದ್ರಶೇಖರಯ್ಯನವರು ನಡುಗುವ ಕೈಯಲ್ಲಿ ಗೀಚಿಕೊಂಡು ಹಿಂದಿನ ಬೀದಿಗೆ ಹೋಗುತ್ತಿದ್ದರು. ಅವರ ಹಿಂದೆ ಹೋದ ಪಾರ್ಟಿಗಳು ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತಿದ್ದವು. ಹೀಗೇ ಇನ್ನು ಸ್ವಲ್ಪ ದಿನ ಹೋದರೆ ಕೋಣೆಯ ಬಾಗಿಲು ಹಾಕಬೇಕು, ಅದನ್ನು ಅವರು ಹೇಳಲಿಲ್ಲ, ನನಗೇ ಕಾಣುತ್ತಿತ್ತು.

ತಪ್ಪು ನನ್ನದೇ ಎಂದು ಗೊತ್ತಾಯಿತು. ಆದರೆ ನನ್ನ ಬುದ್ಧಿ ಎಂಥದ್ದೆಂದರೆ, ಕ್ಷಮೆ ಕೇಳುವುದಕ್ಕೆ ಮುಂಚೆ ಟವೆಲು ತೆಗೆದೆ. “ಅರ್ಧ ಗಂಟೆ ಕೊಡಿ, ಬೊಟ್ಟೇ ಬೇಡ, ಗೆರೆ ತಾನಾಗೇ ಬರೋ ಹಂಗೆ ಮಾಡ್ತೀನಿ” ಅಂದೆ. ಒಂದು ಮಾದರಿ ಪುಟ ಮಾಡಿದೆ. ತೆರೆದರೆ ಸಾಕು, ಮುದ್ರೆಯ ಜಾಗ ಬಿಟ್ಟು ಕರ್ಸರು ತಾನಾಗಿಯೇ ಸರಿಯಾದ ಕಡೆ ನಿಲ್ಲುತ್ತದೆ. ಪ್ರಿಂಟು ತೆಗೆದು, ಛಾಪಾ ಕಾಗದದ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಗೌರಮ್ಮ ನೋಡಿದರು. “ಚೆನ್ನಾಗಿದೆ ಮೇಡಂ. ನೀವು ಮಾಡಿದ್ದು” ಅಂದರು.

“ಕೂತ್ಕೊಳ್ಳಿ, ಒಂದು ಸಲ ನೀವೂ ಹೊಡೀರಿ.”

“ಇರ್ಲಿ ಬಿಡಿ.”

ಮೂರು ಸಲ ಕರೆದೆ, ಮೂರು ಸಲವೂ ಇರ್ಲಿ ಬಿಡಿ. ಬಸ್ಸಿನಲ್ಲಿ ಕೂತಾಗ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಇಷ್ಟು ಚೊಕ್ಕವಾಗಿ ಸರಿಮಾಡಿಕೊಟ್ಟರೂ ಮುಟ್ಟದಿದ್ದರೆ ನಾನೇನು ಮಾಡಲಿ? ಬೀರೂರು ದಾಟುವವರೆಗೂ ಮನಸ್ಸಿನಲ್ಲೇ ಜಗಳವಾಡಿದೆ. ಅಂಗಡಿಗೆ ಬಂದು ಮೇಷ್ಟ್ರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು.

“ಮೊದಲನೇ ಸಲ ಹೋದಾಗ ಎಷ್ಟೊತ್ತು ಕೂತಿದ್ದೆ?”

“ಹತ್ತು ನಿಮಿಷ.”

“ಯಾರ ಪಕ್ಕ?”

“ಯಜಮಾನ್ರ ಪಕ್ಕ.”

“ಟೈಪ್ ಮಾಡೋದು ಯಾರು?”

“ಗೌರಮ್ಮ.”

“ಇವತ್ತು ಎಷ್ಟೊತ್ತು ಕೂತಿದ್ದೆ?”

“ಕೂತ್ಕೊಳ್ಳಲಿಲ್ಲ. ಸರಿಮಾಡ್ದೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ತಮ್ಮ ಪತ್ರಿಕೆಗೆ ತಿರುಗಿದರು. ಬಯ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುವಾರ ಬೆಳಗಿನ ಬಸ್ಸಿಗೇ ಹೋದೆ. ಚೀಲದಲ್ಲಿ ಪೆನ್‌ಡ್ರೈವು, ಸ್ಪಿರಿಟ್ಟು ಏನೂ ಇಟ್ಟುಕೊಂಡಿರಲಿಲ್ಲ. ಬೆಂಚಿನ ಮೇಲೆ ಗೌರಮ್ಮನವರ ಪಕ್ಕ ಕೂತೆ. ಚಂದ್ರಶೇಖರಯ್ಯನವರು ಮೇಜಿನ ಹತ್ತಿರ ಇದ್ದರು. ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದದ್ದನ್ನು ಆಗ ಗಮನಿಸಿದೆ. ಎಡಗೈಯೂ ನಡುಗುತ್ತಿತ್ತು, ಮೊದಲು ಹಾಗಿರಲಿಲ್ಲ.

ಒಂದು ಗಂಟೆ ನಾನು ಏನೂ ಕೇಳಲಿಲ್ಲ. ಗೌರಮ್ಮ ಕೊಟ್ಟ ಪತ್ರಗಳನ್ನು ಜೋಡಿಸಿದೆ, ದಾರ ಹಿಡಿದೆ. ಒಬ್ಬರು ರೈತರು ಬಂದು ಕೇಳಿ ಹೋದರು. ಇನ್ನೊಬ್ಬರು ಬಾಗಿಲವರೆಗೆ ಬಂದು, ಟವೆಲು ಹೊದ್ದ ಮೆಷಿನ್ ನೋಡಿ, “ಆಮೇಲೆ ಬತ್ತೀನಿ” ಎಂದು ಹೋದರು. ಗೌರಮ್ಮನವರ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ದಾರ ಕಟ್ಟುವುದು ಮುಗಿದ ಮೇಲೂ ಬೆರಳುಗಳು ಸೀರೆಯ ಮಡಿಲ ಮೇಲೆ ತಟ್ಟುತ್ತಲೇ ಇದ್ದವು. ಟೈಪ್ ಕಲಿಸಿದವಳಿಗೆ ಅದು ಗೊತ್ತಾಗುತ್ತದೆ. ಆಕೆ ಅಕ್ಷರ ಹೊಡೆಯುತ್ತಿದ್ದರು. ನಾನು ಒಂದು ವಾರದ ಹಿಂದೆ ಹಠಮಾರಿ ಎಂದು ಬಯ್ದುಕೊಂಡಿದ್ದ ಹೆಂಗಸು ಇವರೇ ಎಂದು ನೆನೆದು ನನಗೆ ನಾಚಿಕೆಯಾಯಿತು.

“ಗೌರಮ್ಮ, ತಪ್ಪು ನಂದು” ಅಂದೆ. “ನೀವಿಲ್ದಾಗ ಬರಬಾರ್ದಿತ್ತು. ಬಂದ್ಮೇಲೂ ಯಾರದು ಏನು ಅಂತ ಕೇಳ್ದೇ ಕಿತ್ತುಬಿಟ್ಟೆ. ಕಸ ಅಂದ್ಕೊಂಡೆ.”

ಅವರು ಗಂಡನ ಕಡೆ ಒಮ್ಮೆ ನೋಡಿದರು. ಗಂಡ ಕಾಫಿ ಲೋಟ ಕೆಳಗಿಟ್ಟು, “ಹೇಳ್ಬಿಡು, ಮನಸ್ಸಲ್ಲಿಟ್ಕೊಂಡು ಕೊರಗ್ಬೇಡ” ಅಂದರು.

“ಬೊಟ್ಟು ಹೋಗಿದ್ದಕ್ಕಲ್ಲ ಮೇಡಂ” ಅಂದರು ಗೌರಮ್ಮ. “ಇನ್ನೊಂದು ಅಂಟಿಸ್ಕೊಳ್ಳೋಕೆ ನಂಗೇನು ಕಷ್ಟ? ಅವತ್ತು ಕಾಗದ ಕೆಟ್ಟ ದಿನಾನೇ ಇವರಿಗೆ ಎಡಗೈ ಶುರುವಾಯ್ತು. ನಮ್ಮ ನಾದಿನಿ ಬಂದಿದ್ಲು ನೋಡೋಕೆ. ಹಿಂಗಿಂಗಾಯ್ತು ಅಂತ ಹೇಳ್ದೆ. ಅದಕ್ಕೆ ಅವಳು…” ನಿಲ್ಲಿಸಿದರು.

“ಹೇಳಿ.”

“ಬೊಟ್ಟಿಲ್ದೋಳು ಬಂದು ಮುತ್ತೈದೆ ಬೊಟ್ಟು ಕಿತ್ಕೊಂಡ್ ಹೋದ್ಲಲ್ಲೇ, ಕೈ ನಡುಗ್ದೆ ಇನ್ನೇನಾಗುತ್ತೆ ಅಂದ್ಲು.”

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಈ ಕೆಲಸಕ್ಕೆ ಬರುವವರು ತಿಳಿದಿರಲಿ, ಮೆಷಿನ್ ರಿಪೇರಿಗೆ ಹೋದಲ್ಲಿ ಇಂಥ ಮಾತೂ ಬರುತ್ತದೆ. ನನಗೆ ತುಂಬ ನೋವಾಯಿತು. ನನ್ನ ಯಜಮಾನರು ಹೋಗಿ ಹದಿನೆಂಟು ವರ್ಷದಲ್ಲಿ ಯಾರೂ ನನ್ನೆದುರು ಆ ಮಾತನ್ನು ಅಷ್ಟು ನೇರವಾಗಿ ಆಡಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು, ಚೀಲದ ಪಟ್ಟಿಯನ್ನು ಹಿಡಿದೂ ಇದ್ದೆ. ಆಮೇಲೆ ಇನ್ನೂ ಕೂತಿರಬೇಕು ಅನ್ನಿಸಿತು, ಕೂತೆ.

“ಅವಳು ಅಂದಿದ್ದು ಅದು. ನಾನು ಅನ್ಲಿಲ್ಲ” ಅಂದರು ಗೌರಮ್ಮ. ದನಿ ಸ್ವಲ್ಪ ಗಡುಸಾಗಿತ್ತು. “ಡಾಕ್ಟ್ರು ಹೇಳವ್ರೆ, ಈ ಕಾಯಿಲೇನೇ ಹಂಗೆ, ಒಂದು ಕೈಯಿಂದ ಇನ್ನೊಂದಕ್ಕೆ ಬರುತ್ತೆ ಅಂತ. ನಂಗೂ ಗೊತ್ತು. ಆದ್ರೂ ಕುರ್ಚಿ ಹತ್ರ ಹೋದ್ರೆ ಅವಳ ಮಾತೇ ಕಿವೀಲಿ ಬರುತ್ತೆ. ಬೊಟ್ಟು ಇಡೋಣ ಅಂತ ಎರಡು ಸಲ ಕೈಲಿ ಹಿಡ್ಕೊಂಡೆ. ನಾನೇ ಮತ್ತೆ ಇಟ್ಟೆ ಅಂದ್ರೆ ಅವಳ ಮಾತು ನಂಬಿ ಶಾಂತಿ ಮಾಡ್ಕೊಂಡಂಗಾಗಲ್ವಾ? ಇಡ್ದೇ ಇದ್ರೆ ಕೆಲಸ ಇಲ್ಲ.”

ಅವರು ಎದ್ದು ಮೇಜಿನ ಖಾನೆ ಎಳೆದರು. ಒಳಗಿಂದ ಸ್ಟಿಕ್ಕರ್ ಬೊಟ್ಟುಗಳ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಕೆಂಪು, ಹಸಿರು, ಮೆರೂನು.

“ತೆಗ್ದೋರು ನೀವು. ನೀವೇ ಇಡಿ.”

ನಾನು ಹಾಳೆ ತೆಗೆದುಕೊಳ್ಳಲಿಲ್ಲ. “ಗೌರಮ್ಮ, ನಾನು…” ಅಂದೆ.

“ಗೊತ್ತು. ಅದಕ್ಕೇ ಹೇಳ್ತಿರೋದು.”

ಚಂದ್ರಶೇಖರಯ್ಯನವರು ಕುರ್ಚಿಯನ್ನು ನನ್ನ ಕಡೆಗೆ ಎಳೆದರು. ಕುರ್ಚಿಯ ಹಿಂಬದಿ ಅವರ ಕೈಯಲ್ಲಿ ಗಡಗಡ ಅಂದಿತು. ನಾನು ಟವೆಲು ತೆಗೆದು ಮೆಷಿನ್ ಶುರು ಮಾಡಿದೆ. ಮಾದರಿ ಪುಟವನ್ನು ತೆರೆದು, ಅದು ಯಾವಾಗ ತೆರೆದರೂ ಅದೇ ಗಾತ್ರದಲ್ಲಿ, ಅದೇ ಜಾಗದಲ್ಲಿ ಕಾಣುವ ಹಾಗೆ ಕಟ್ಟಿಹಾಕಿದೆ. ಬೊಟ್ಟು ಒಂದು ಕಡೆ, ಪುಟ ಒಂದು ಕಡೆ ಆಗಬಾರದಲ್ಲ. ಗಾಜಿನ ಮೇಲಿನ ಬೊಟ್ಟಿಗೆ ಹೊಂದುವಂತೆ ತಂತ್ರಾಂಶವನ್ನು ತಿದ್ದಿದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು. ತಿದ್ದಲು ಬಿಡುವ ತಂತ್ರಾಂಶ ಎಂದು ಅಜ್ಜಂಪುರದಲ್ಲಿ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದೆನಲ್ಲ, ಅದರ ಉಪಯೋಗ ನನಗೇ ಅವತ್ತು ಗೊತ್ತಾಯಿತು.

ಆಮೇಲೆ ಹಾಳೆಯಿಂದ ಕೆಂಪು ಬೊಟ್ಟೊಂದನ್ನು ಬಿಡಿಸಿದೆ. ಬಿಡಿಸುವ ಕ್ರಮವೇ ಮರೆತುಹೋಗಿತ್ತು, ಉಗುರಿಗೆ ಸಿಗಲೊಲ್ಲದು. ಸಿಕ್ಕ ಮೇಲೆ ಬೆರಳ ತುದಿಯಲ್ಲಿ ಹಿಡಿದುಕೊಂಡು ಗಾಜಿನ ಹತ್ತಿರ ತಂದೆ.

“ಇಲ್ಲೇನಾ?”

“ಇನ್ನೊಂಚೂರು ಕೆಳಕ್ಕೆ” ಅಂದರು ಗೌರಮ್ಮ ಹಿಂದಿನಿಂದ.

“ಇಲ್ಲಿ?”

“ಎಡಕ್ಕೆ. ಹಾಂ, ಅಲ್ಲೇ. ಒತ್ತಿ.”

ಒತ್ತಿದೆ. ಹಸಿರನ್ನೂ ಅವರು ಹೇಳಿದ ಕಡೆ ಇಟ್ಟೆ. ಗಾಜಿನ ಮೇಲೆ ನನ್ನ ಬೆರಳಿನ ಗುರುತು ಎರಡು ಕಡೆ ಉಳಿದಿತ್ತು, ಒರೆಸಲಿಲ್ಲ.

ನಾನು ಏಳುವುದಕ್ಕೇ ಕಾಯುತ್ತಿದ್ದವರ ಹಾಗೆ ಗೌರಮ್ಮ ಕುರ್ಚಿಯಲ್ಲಿ ಕೂತರು. ಸೆರಗು ಸಿಕ್ಕಿಸಿಕೊಂಡರು. ಕರ್ಸರು ಕೆಂಪು ಬೊಟ್ಟಿನ ಪಕ್ಕವೇ ಮಿಣುಕುತ್ತಿತ್ತು. ಅವರು ಅದನ್ನು ಒಂದು ಕ್ಷಣ ನೋಡಿ, ಕೀಲಿಮಣೆಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡು, ಗಂಡನ ಕಡೆ ತಿರುಗದೆಯೇ, “ಹೂಂ, ಹೇಳ್ರೀ” ಅಂದರು.

ಚಂದ್ರಶೇಖರಯ್ಯನವರು ಗಂಟಲು ಸರಿಮಾಡಿಕೊಂಡು ಹೇಳಲು ಶುರುಮಾಡಿದರು. ಬೆರಳುಗಳು ಓಡಿದವು. ನಾನು ಪಕ್ಕದಲ್ಲೇ ನಿಂತು ಒಂದೊಂದೇ ಸಾಲು ಇಳಿಯುವುದನ್ನು ನೋಡುತ್ತಿದ್ದೆ. ನಾಲ್ಕೈದು ಸಾಲಾಗಿರಬೇಕು, ಗೌರಮ್ಮ ಕೈ ನಿಲ್ಲಿಸದೆ ಅಂದರು:

“ಮೇಡಂ, ಸ್ವಲ್ಪ ಆಕಡೆ ಜರುಗಿ. ಬೆಳಕಿಗೆ ಅಡ್ಡ ಬತ್ತಿದೀರ.”

ನಾನು ಜರುಗಿದೆ.